ಗರ್ಭನಾಳದ ಪರೀಕ್ಷೆ: ಹೋಗುವ ಮೊದಲು ತಿಳಿದಿರಲಿ

ಗುಮ್ಮಘಟ್ಟ ನಮಗೆ ದೂರದ ಊರು. ಅನಂತಪುರ ಜಿಲ್ಲೆಯ ರಾಯದುರ್ಗದ ಕಡೆ, ವೇದಾವತಿಗೆ ಕಟ್ಟಿದ ಭೈರವಾನಿತಿಪ್ಪ ಅಣೆಕಟ್ಟಿನ ಸೀಮೆ ಅದು. ಆದರೆ ಅಲ್ಲಿಯ ಕನ್ನಡ ಮನೆಗಳ ಒಂದು ಕಷ್ಟ ನಮಗೇನೂ ಹೊಸದಲ್ಲ. ಮನೆಮಾತು ಕನ್ನಡ, ಸರಕಾರಿ ಕಾಗದದ ಮಾತು ತೆಲುಗು; ನಮ್ಮಲ್ಲಿ ಅದೇ ಜಾಗದಲ್ಲಿ ಮಲಯಾಳ. ಮಕ್ಕಳಾಗಲಿಲ್ಲವೆಂದು ಆಸ್ಪತ್ರೆಗೆ ಹೋದ ಹೆಣ್ಣುಮಗಳು ಓದಲಾರದ ಕಾಗದಕ್ಕೆ ಸಹಿ ಹಾಕಿ ಎಕ್ಸ್‌ರೇ ಕೋಣೆ ಸೇರುವಂತಾದರೆ, ಹೆದರಿಕೆಗೆ ಬೇರೆ ಕಾರಣ ಬೇಡ.

ಎಚ್.ಎಸ್.ಜಿ. ಎಂದು ಚೀಟಿಯಲ್ಲಿ ಬರೆದುಕೊಡುವುದು ಗರ್ಭನಾಳ ತೆರೆದಿದೆಯೇ ಎಂದು ನೋಡುವ ಪರೀಕ್ಷೆಯನ್ನು. ಇದು ಶಸ್ತ್ರಚಿಕಿತ್ಸೆಯಲ್ಲ. ಮುಟ್ಟು ನಿಂತ ಮೇಲೆ, ಸಾಮಾನ್ಯವಾಗಿ ಮುಟ್ಟಿನ ಮೊದಲ ದಿನದಿಂದ ಎಣಿಸಿ 6ರಿಂದ 11ನೆಯ ದಿನದೊಳಗೆ ಮಾಡುತ್ತಾರೆ. ಬಸಿರು ನಿಂತಿರುವ ಸಂಭವ ಆಗ ತೀರ ಕಡಿಮೆ. ಮಲಗಿಸಿ, ಯೋನಿಯಲ್ಲಿ ಸಾಧನವೊಂದನ್ನಿಟ್ಟು, ಸಪೂರ ನಳಿಕೆಯಿಂದ ಅಯೋಡಿನ್ ಬೆರೆತ ದ್ರವವನ್ನು ಗರ್ಭಕೋಶಕ್ಕೆ ಬಿಡುತ್ತಾರೆ. ದ್ರವ ನಾಳಗಳ ಮೂಲಕ ಹೊಟ್ಟೆಯೊಳಗೆ ಚೆಲ್ಲಿದರೆ ದಾರಿ ತೆರೆದಿದೆ ಎಂದರ್ಥ.

ನೋವು ಇಲ್ಲವೇ ಇಲ್ಲ ಎನ್ನುವವರ ಮಾತು ಸುಳ್ಳು. ದ್ರವ ಬಿಡುವಾಗ ಮುಟ್ಟಿನ ಹೊಟ್ಟೆನೋವಿನಂತೆ ಹಿಂಡುತ್ತದೆ, ಕೆಲವರಿಗೆ ಜೋರಾಗಿಯೇ. ಬಹುಮಟ್ಟಿಗೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಒಂದು ಗಂಟೆ ಮೊದಲು ನೋವಿನ ಮಾತ್ರೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬೇಕು. ಹಿಂದೆ ಯಾವುದಾದರೂ ಔಷಧಿ ಒಗ್ಗದೆ ಹೋಗಿದ್ದರೆ, ಜ್ವರವೋ ದುರ್ವಾಸನೆಯ ಸ್ರಾವವೋ ಇದ್ದರೆ, ನಾಚದೆ ಮೊದಲೇ ಹೇಳಬೇಕು.

ನಾಳ ಮುಚ್ಚಿದಂತೆ ಕಂಡ ಮಾತ್ರಕ್ಕೆ ಎದೆಗುಂದಬೇಕಾಗಿಲ್ಲ. ನೋವಿಗೆ ನಾಳ ಬಿಗಿದುಕೊಂಡರೂ ಹಾಗೆ ಕಾಣುವುದುಂಟು. ನಿಜವಾಗಿ ಮುಚ್ಚಿದ್ದರೆ ನಮ್ಮ ದೇಶದಲ್ಲಿ ಕ್ಷಯರೋಗವೂ ಕಾರಣಗಳಲ್ಲೊಂದು. ಇನ್ನು, ಪರೀಕ್ಷೆಯಿಂದಲೇ ಉಪಕಾರವಾದದ್ದೂ ಉಂಟು: 2017ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನದಲ್ಲಿ ಎಣ್ಣೆಯಂಶದ ದ್ರವ ಬಳಸಿದವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ, ನೀರಿನಂಶದ್ದು ಬಳಸಿದವರಲ್ಲಿ 29 ಮಂದಿಗೆ ಆರು ತಿಂಗಳೊಳಗೆ ಬಸಿರು ನಿಂತಿತ್ತು.

ಅತ್ತೆಯಂದಿರಿಗೂ ಒಂದು ಮಾತು. ಗಂಡಸಿನ ವೀರ್ಯಪರೀಕ್ಷೆಗೆ ನೋವಿಲ್ಲ, ಖರ್ಚೂ ಕಡಿಮೆ. ಅದನ್ನು ಮಾಡಿಸದೆ ಸೊಸೆಯನ್ನು ಮಾತ್ರ ಎಕ್ಸ್‌ರೇ ಮೇಜಿಗೆ ಕಳುಹಿಸುವುದು ನ್ಯಾಯವಲ್ಲ.

ಕಾಗದದಲ್ಲಿರುವುದನ್ನು ಕನ್ನಡದಲ್ಲಿ ಹೇಳಿಸಿಕೊಂಡೇ ಸಹಿ ಹಾಕಿರಿ. ಕೇಳುವುದು ಉದ್ಧಟತನವಲ್ಲ. ಪರೀಕ್ಷೆಯ ಮೇಲೆ ಒಂದೆರಡು ದಿನ ಸ್ವಲ್ಪ ರಕ್ತ ಕಾಣಬಹುದು. ಜ್ವರ, ಹೆಚ್ಚುವ ನೋವು, ದುರ್ವಾಸನೆ ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಫಿಲ್ಮನ್ನು ಜೋಪಾನವಾಗಿಡಿ, ಇಲ್ಲಿಂದ ಮಂಗಳೂರಿಗೆ ಹೋದರೂ, ಅಲ್ಲಿಂದ ಬಳ್ಳಾರಿಗೆ ಹೋದರೂ ವೈದ್ಯರು ಅದನ್ನು ಕೇಳುತ್ತಾರೆ.