ಅರಿವಿನ ವಿಜ್ಞಾನ

ಅರಿವಿನ ವಿಜ್ಞಾನವು ಮನಸ್ಸು ಮತ್ತು ಅದರ ವ್ಯಾಪಾರಗಳನ್ನು ಕುರಿತ ಅಂತರಶಿಸ್ತೀಯ ಅಧ್ಯಯನ. ಮನೋವಿಜ್ಞಾನ, ಭಾಷಾವಿಜ್ಞಾನ, ನರವಿಜ್ಞಾನ, ತತ್ತ್ವಶಾಸ್ತ್ರ, ಮಾನವಶಾಸ್ತ್ರ ಹಾಗೂ ಗಣಕ ವಿಜ್ಞಾನಗಳು ಇದರಲ್ಲಿ ಕೂಡುತ್ತವೆ.

20ನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಮನೋವಿಜ್ಞಾನದಲ್ಲಿ ವರ್ತನಾವಾದವು ಪ್ರಬಲವಾಗಿತ್ತು. ಹೊರಗೆ ಕಾಣುವ ವರ್ತನೆಯಷ್ಟೇ ವಿಜ್ಞಾನದ ವಿಷಯ, ಮನಸ್ಸಿನ ಒಳಗಿನದಲ್ಲ ಎಂಬುದು ಅದರ ನಿಲುವು. 1956ರ ಸೆಪ್ಟೆಂಬರಿನಲ್ಲಿ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆದ ವಿಚಾರ ಸಂಕಿರಣವೊಂದು ಬೇರೆ ದಾರಿ ತೋರಿತು. ಅಲ್ಲಿ ಜಾರ್ಜ್ ಮಿಲ್ಲರ್ ಅಲ್ಪಾವಧಿ ನೆನಪಿನ ಮಿತಿಯನ್ನೂ, ನೋಮ್ ಚಾಮ್‌ಸ್ಕಿ ವ್ಯಾಕರಣದ ಮಾದರಿಗಳನ್ನೂ, ಅಲೆನ್ ನೆವೆಲ್ ಮತ್ತು ಹರ್ಬರ್ಟ್ ಸೈಮನ್ ತರ್ಕದ ಪ್ರಮೇಯಗಳನ್ನು ಸಾಧಿಸುವ ಗಣಕ ಕ್ರಮವಿಧಿಯನ್ನೂ ಮಂಡಿಸಿದರು.

ಒಂದೇ ಶಾಸ್ತ್ರ ಸಾಲದೆಂಬುದಕ್ಕೆ ನೆನಪಿನ ಅಧ್ಯಯನವೇ ಉತ್ತಮ ನಿದರ್ಶನ. ಅಪಸ್ಮಾರದಿಂದ ಬಳಲುತ್ತಿದ್ದ ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ 1953ರಲ್ಲಿ ಶಸ್ತ್ರಚಿಕಿತ್ಸೆ ನಡೆಸಿ, ಮೆದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗವನ್ನು ಬಹುಮಟ್ಟಿಗೆ ತೆಗೆಯಲಾಯಿತು. ಸೆಳವು ತಗ್ಗಿತಾದರೂ ಹೊಸ ಘಟನೆಗಳು ಅವರ ನೆನಪಿನಲ್ಲಿ ನಿಲ್ಲದಾದವು. ಕನ್ನಡಿಯಲ್ಲಿನ ಪ್ರತಿಬಿಂಬವನ್ನಷ್ಟೇ ನೋಡುತ್ತ ನಕ್ಷತ್ರದ ಅಂಚಿನುದ್ದಕ್ಕೂ ಗೆರೆ ಎಳೆಯುವ ಕೆಲಸವನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರಿಗೆ ಕೊಟ್ಟರು. ಮೂರು ದಿನಗಳಲ್ಲಿ ತಪ್ಪುಗಳು ಇಳಿಯುತ್ತ ಬಂದವು. ಆದರೆ ಹಿಂದೆ ಅದನ್ನು ಮಾಡಿದ್ದ ನೆನಪೇ ಅವರಿಗಿರಲಿಲ್ಲ. ಕೌಶಲದ ನೆನಪೂ ಘಟನೆಗಳ ನೆನಪೂ ಬೇರೆ ಬೇರೆಯೆಂದು ಹೀಗೆ ತಿಳಿದುಬಂದಿತು. ಶಸ್ತ್ರವೈದ್ಯರ ದಾಖಲೆಯೊಂದರಿಂದಲೇ ಆಗಲಿ, ಮನೋವಿಜ್ಞಾನದ ಪರೀಕ್ಷೆಯೊಂದರಿಂದಲೇ ಆಗಲಿ ಇದು ದಕ್ಕುತ್ತಿರಲಿಲ್ಲ.

ಈ ಕ್ಷೇತ್ರದ ನಿಯತಕಾಲಿಕೆ 1977ರಲ್ಲಿಯೂ ವಿದ್ವತ್ಸಂಘ 1979ರಲ್ಲಿಯೂ ಆರಂಭವಾದವು. ಮನಸ್ಸನ್ನು ಗಣಕದಂತೆ ಕಾಣುವ ಆರಂಭದ ದೃಷ್ಟಿಗೆ ಆಕ್ಷೇಪಗಳೂ ಇವೆ. ದೇಹ ಮತ್ತು ಪರಿಸರಗಳನ್ನು ಬಿಟ್ಟು ಅರಿವನ್ನು ವಿವರಿಸಲಾಗದು ಎಂಬುದು ಅವುಗಳಲ್ಲಿ ಮುಖ್ಯವಾದದ್ದು.