ಅಯಸ್ಕಾಂತದ ಚಿಕಿತ್ಸೆ: ಪಟ್ಟಿ ಬೇರೆ, ಯಂತ್ರ ಬೇರೆ

ನಿಮ್ಮ ಮನೆಯಲ್ಲೊಬ್ಬರು ಖಿನ್ನತೆಯಿಂದ ಬಳಲುತ್ತಿದ್ದಾರೆ ಎನ್ನಿ. ಎರಡು ಬಗೆಯ ಮಾತ್ರೆ ಬದಲಾಯಿಸಿದ್ದಾಯಿತು, ಗುಣ ಕಾಣಲಿಲ್ಲ. ಈಗ ಮನೋವೈದ್ಯರು 'ಆರ್‌ಟಿಎಂಎಸ್ ಮಾಡಿಸೋಣ, ಅದು ಅಯಸ್ಕಾಂತದ ಚಿಕಿತ್ಸೆ' ಎನ್ನುತ್ತಾರೆ. ಇದು ವಸ್ತುಪ್ರದರ್ಶನದಲ್ಲಿ ಮಾರುವ ಅಯಸ್ಕಾಂತದ ಸೊಂಟಪಟ್ಟಿಯ ತಮ್ಮನೇ? ಅಥವಾ ಹೆಸರು ಬದಲಿಸಿಕೊಂಡು ಬಂದ ಕರೆಂಟ್ ಚಿಕಿತ್ಸೆಯೇ? ಎಂಬ ಸಂಶಯ ಬರುವುದು ಸಹಜ. ಎರಡೂ ಅಲ್ಲ.

ಪಟ್ಟಿ, ಬಳೆ, ಹಾಸಿಗೆಗಳಲ್ಲಿರುವ ಅಯಸ್ಕಾಂತದ ಬಲ ಸದಾ ಒಂದೇ ತೆರನಾದದ್ದು. ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಮಾತ್ರ ಪಕ್ಕದಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ. ಸೈಕಲ್ಲಿನ ಡೈನಮೊ ನೆನಪಿಸಿಕೊಳ್ಳಿ. ಚಕ್ರ ನಿಂತರೆ ದೀಪ ಆರುತ್ತದೆ. ಒಳಗಿನ ಅಯಸ್ಕಾಂತವೇನೂ ಎದ್ದು ಹೋಗಿರುವುದಿಲ್ಲ. ನೋವಿಗೆಂದು ಪಟ್ಟಿ ಕಟ್ಟಿಸಿ ನಡೆಸಿದ ಪರೀಕ್ಷೆಗಳಲ್ಲಿ ಅದರ ಉಪಯೋಗ ಸಿದ್ಧವಾಗಿಲ್ಲ. ಆ ಹಣ ಉಳಿಸಿಕೊಳ್ಳಿ.

ಆಸ್ಪತ್ರೆಯ ಯಂತ್ರದಲ್ಲಿರುವುದು ತಾಮ್ರದ ಸುರುಳಿ. ಅದರಲ್ಲಿ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಹೊತ್ತು ಸಾವಿರಾರು ಆಂಪಿಯರ್ ವಿದ್ಯುತ್ ಹರಿದು ನಿಲ್ಲುತ್ತದೆ. ಆಗ ಏಳುವ ಕಾಂತಕ್ಷೇತ್ರದ ಬಲ ಎಂಆರ್‌ಐ ಯಂತ್ರದಷ್ಟೇ, ಸುಮಾರು 1.5ರಿಂದ 2 ಟೆಸ್ಲಾ. ಅದು ತಲೆಬುರುಡೆಯನ್ನು ದಾಟಿ ಮಿದುಳಿನ ಹೊರಪದರದ ನರಕೋಶಗಳನ್ನು ಎಚ್ಚರಿಸುತ್ತದೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಇಂಥ ಸುರುಳಿಯನ್ನು ತಲೆಯ ಮೇಲೆ ಹಿಡಿದಾಗ ಕೈ ತಾನಾಗಿ ಮಿಡಿಯಿತು. ನೋವಾಗಲಿಲ್ಲ.

ಆದರೆ ಆ ಮೊದಲ ಯಂತ್ರಗಳು ಸಾಕಷ್ಟು ಒರಟು. ದುಂಡು ಸುರುಳಿ ಬೇಕಾದ ಜಾಗದ ಜೊತೆಗೆ ಬೇಡದ ಜಾಗವನ್ನೂ ಕೆರಳಿಸುತ್ತಿತ್ತು. ಜಪಾನಿನ ಶೋಗೊ ಉಎನೊ 1988ರಲ್ಲಿ ಎರಡು ಸುರುಳಿಗಳನ್ನು ಇಂಗ್ಲಿಷಿನ ಎಂಟರ ಅಂಕಿಯಂತೆ ಜೋಡಿಸಿದರು. ಎರಡರ ಬಲವೂ ನಡುವಿನಲ್ಲಿ ಕೂಡಿಕೊಂಡು ಗುರಿ ಚೊಕ್ಕವಾಯಿತು. ಸುರುಳಿ ಕಾದು ಕೆಲಸ ನಿಲ್ಲುವ ತೊಂದರೆಗೆ ಗಾಳಿ, ಎಣ್ಣೆ ಅಥವಾ ನೀರಿನಿಂದ ತಂಪು ಮಾಡುವ ಏರ್ಪಾಡು ಬಂತು.

ನಿಮಗೆ ಹೆಚ್ಚು ಮುಖ್ಯವಾದ ಸುಧಾರಣೆ ಸಮಯದ್ದು. ಅಮೆರಿಕದಲ್ಲಿ 2008ರಲ್ಲಿ ಖಿನ್ನತೆಗೆ ಒಪ್ಪಿಗೆ ಸಿಕ್ಕಾಗ ಒಂದು ಸರದಿಗೆ 37 ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ. ಕೆಲಸಕ್ಕೆ ಹೋಗುವವರಿಗೆ ಇದು ದೊಡ್ಡ ಕಷ್ಟ. ಮಿಡಿತಗಳನ್ನು ಮೂರು ಮೂರರ ಗೊಂಚಲಾಗಿ ಕೊಡುವ ಹೊಸ ಕ್ರಮದಲ್ಲಿ ಮೂರು ನಿಮಿಷ ಸಾಕು. ಕೆನಡಾದಲ್ಲಿ 414 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ಹಳೆಯ ಕ್ರಮಕ್ಕಿಂತ ಕಡಿಮೆಯೇನಲ್ಲ ಎಂದು ಕಂಡುಬಂತು. ವಾರಗಳ ಲೆಕ್ಕ ಮಾತ್ರ ಹಾಗೆಯೇ ಉಳಿಯಿತು. ದಿನಕ್ಕೆ ಹತ್ತು ಸರದಿಯಂತೆ ಐದೇ ದಿನದಲ್ಲಿ ಮುಗಿಸುವ ಸ್ಟ್ಯಾನ್‌ಫರ್ಡ್ ವಿಧಾನಕ್ಕೂ 2022ರಲ್ಲಿ ಅಲ್ಲಿ ಒಪ್ಪಿಗೆ ದೊರೆತಿದೆ. ಅದರ ಹಿಂದಿನ ಅಧ್ಯಯನ ಚಿಕ್ಕದು, ಅವಸರ ಬೇಡ.

ಕುರ್ಚಿಯಲ್ಲಿ ಕೂರಿಸಿ ಸಾಮಾನ್ಯವಾಗಿ ಎಡಹಣೆಯ ಮೇಲ್ಭಾಗಕ್ಕೆ ಸುರುಳಿಯನ್ನು ತಾಗಿಸುತ್ತಾರೆ. ಅರಿವಳಿಕೆ ಬೇಡ. ಮರಕುಟಿಗ ಕುಕ್ಕಿದಂತೆ ಅನಿಸುತ್ತದೆ. ಸದ್ದು ಜೋರಾದ್ದರಿಂದ ಕಿವಿಗೆ ಬೆಣೆ ಇಟ್ಟುಕೊಳ್ಳಲೇಬೇಕು. ತಲೆನೋವು ಕೆಲವರಿಗೆ ಬರುತ್ತದೆ. ಫಿಟ್ಸ್ ಬರುವುದು ಸಾವಿರದಲ್ಲಿ ಒಬ್ಬರಿಗಿಂತ ಕಡಿಮೆ. ಹಿಂದೆ ಬಂದಿದ್ದರೆ ಮೊದಲೇ ಹೇಳಿಬಿಡಿ. ತಲೆಯೊಳಗೆ ಲೋಹದ ಕ್ಲಿಪ್, ಕಿವಿಯಲ್ಲಿ ಕಾಕ್ಲಿಯರ್ ಸಾಧನ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೂ ಮುಚ್ಚಿಡಬೇಡಿ. ಮುಗಿದ ಕೂಡಲೇ ಎದ್ದು ಮನೆಗೆ ಹೋಗಬಹುದು, ಆದರೆ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬಾರದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆ ಇದೆ. ಎಲ್ಲರಿಗೂ ಗುಣ ಕೊಡುವುದಿಲ್ಲ, ಗುಣವಾದವರಲ್ಲೂ ಕೆಲವರಿಗೆ ಕಾಯಿಲೆ ಮರುಕಳಿಸುತ್ತದೆ. ಇನ್ನೊಂದು ಮಾತು: ಅನ್ನ ನೀರು ಬಿಟ್ಟ, ಸಾಯುವ ಮಾತಾಡುವ ರೋಗಿಯನ್ನು ಇದಕ್ಕಾಗಿ ಕಾಯಿಸಬೇಡಿ. ಅಂಥವರನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಜನ ಹೆದರುವ ಆ ಕರೆಂಟ್ ಚಿಕಿತ್ಸೆಯೇ ಅಂಥ ಹೊತ್ತಿನಲ್ಲಿ ಇಂದಿಗೂ ಹೆಚ್ಚು ಬೇಗ ಗುಣ ಕೊಡುವಂಥದ್ದು.