ಹೆಲ್ಮೆಟ್ ಚಿತ್ರ ಬರೆಯೋಣ, ಒಳಗೇನಿದೆ ತಿಳಿಯೋಣ

ಮಕ್ಕಳೇ, ಕೊಳ್ಳೇಗಾಲ, ಯಳಂದೂರು, ಹನೂರು ಪೇಟೆಗಳಲ್ಲಿ ಬೈಕ್ ಸವಾರರ ತಲೆಯ ಮೇಲೆ ಹೆಲ್ಮೆಟ್ ನೋಡಿದ್ದೀರಲ್ಲವೇ? ಕೆಲವರು ಅದನ್ನು ತೋಳಿಗೆ ಸಿಕ್ಕಿಸಿಕೊಂಡು ಹೋಗುವುದೂ ಉಂಟು! ಇಂದು ಒಂದು ಹೆಲ್ಮೆಟ್ಟನ್ನು ಕಿಟಕಿಯ ಬಳಿ ಇಟ್ಟು, ಇದ್ದದ್ದು ಇದ್ದಂತೆ ಅದರ ಚಿತ್ರ ಬರೆಯೋಣ.

ಮೊದಲು ಪಕ್ಕದಿಂದ ಕಾಣುವ ದುಂಡನೆಯ ಹೊರಗೆರೆ ಎಳೆಯಿರಿ. ಮುಖದ ಭಾಗವನ್ನೂ ಕೆಳಗೆ ಗದ್ದದ ಪಟ್ಟಿಯನ್ನೂ ಸೇರಿಸಿ. ಬೆಳಕು ಬೀಳುವ ಕಡೆ ಕಾಗದವನ್ನು ಬಿಳಿಯಾಗಿಯೇ ಬಿಡಿ. ಇನ್ನೊಂದು ಬದಿಗೆ ಹೋದಂತೆಲ್ಲ ಪೆನ್ಸಿಲ್ಲಿನ ನೆರಳು ದಟ್ಟವಾಗಲಿ. ಚಿತ್ರ ಉಬ್ಬಿದಂತೆ ಕಾಣುತ್ತದೆ.

ಆದರೆ ತಲೆಯನ್ನು ಕಾಯುವ ಮುಖ್ಯ ಭಾಗವೇ ಈ ಚಿತ್ರದಲ್ಲಿಲ್ಲ! ಹೆಲ್ಮೆಟ್ಟನ್ನು ನಡುವೆ ಸೀಳಿದರೆ ಹೇಗೆ ಕಾಣುತ್ತದೆಂದು ಪಕ್ಕದಲ್ಲಿ ಇನ್ನೊಂದು ಚಿತ್ರ ಬರೆಯಿರಿ. ಹೊರಗೆ ಗಟ್ಟಿ ಚಿಪ್ಪು, ಒಳಗೆ ದಪ್ಪನೆಯ ಥರ್ಮೋಕೋಲ್, ತಲೆಗೆ ತಾಗುವಲ್ಲಿ ಮೆತ್ತನೆಯ ಬಟ್ಟೆ.

ಥರ್ಮೋಕೋಲ್ ಏಕೆ? ಸಿಪ್ಪೆಯಿರುವ ತೆಂಗಿನಕಾಯಿ ಮರದಿಂದ ಬಿದ್ದರೂ ಸಾಮಾನ್ಯವಾಗಿ ಒಡೆಯುವುದಿಲ್ಲ. ಸುಲಿದ ಕಾಯಿಯನ್ನು ಕಲ್ಲಿಗೆ ಬಡಿದರೆ ಹೋಳಾಗುತ್ತದೆ. ನಾರು ಅದುಮಿಕೊಂಡು ಪೆಟ್ಟನ್ನು ನುಂಗುತ್ತದೆ. ಥರ್ಮೋಕೋಲ್ ಮಾಡುವುದೂ ಅದೇ ಕೆಲಸ.

ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿ.ಮೀ. ಬರಿತಲೆ ರಸ್ತೆಗೆ ಬಡಿದರೆ ಈ ವೇಗ ಥಟ್ಟನೆ ಸೊನ್ನೆಯಾಗಿ, ತಲೆಬುರುಡೆ ಮತ್ತು ಮಿದುಳಿಗೆ ಭಾರಿ ಪೆಟ್ಟು ಬೀಳುತ್ತದೆ. ಥರ್ಮೋಕೋಲ್ ಜಜ್ಜಿಹೋಗುತ್ತಾ ತಲೆಯನ್ನು ತುಸು ನಿಧಾನವಾಗಿ ನಿಲ್ಲಿಸುತ್ತದೆ. ಚಿಪ್ಪು ಪೆಟ್ಟನ್ನು ಅಗಲವಾಗಿ ಹರಡುತ್ತದೆ. ಹೀಗೆ ತಲೆಗೆ ತಾಗುವ ಬಲ ಕಡಿಮೆಯಾಗುತ್ತದೆ.

ಒಮ್ಮೆ ಜಜ್ಜಿದ ಥರ್ಮೋಕೋಲ್ ಮತ್ತೆ ಮೊದಲಿನಂತಾಗದು. ಆದ್ದರಿಂದ ಅಪಘಾತದಲ್ಲಿ ಪೆಟ್ಟು ತಿಂದ ಹೆಲ್ಮೆಟ್, ಹೊರಗೆ ಚೆನ್ನಾಗಿ ಕಂಡರೂ ಬಳಸಬಾರದು.

ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟದತ್ತ ಹೋಗುವ ರಸ್ತೆ ಹಾವಿನಂತೆ ಸುತ್ತುತ್ತದೆ. ಅಂಥ ತಿರುವಿನಲ್ಲಿ ಬೈಕ್ ಜಾರಿದರೆ, ಪಟ್ಟಿ ಬಿಗಿಯದ ಹೆಲ್ಮೆಟ್ ತಲೆಗಿಂತ ಮೊದಲೇ ಹಾರಿಹೋಗಬಹುದು! ಹಿಂದೆ ಕುಳಿತವರಿಗೂ ಹೆಲ್ಮೆಟ್ ಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ 4 ವರ್ಷ ದಾಟಿದ ಮಕ್ಕಳೂ ಅದನ್ನು ಧರಿಸಬೇಕು.

ಮಾಡಿ ನೋಡಿ: ನಿಮ್ಮ ಮನೆಯ ಅಥವಾ ನೆರೆಮನೆಯ ಹೆಲ್ಮೆಟ್ ಪರೀಕ್ಷಿಸಿ. ಐ.ಎಸ್.ಐ. ಗುರುತು ಇದೆಯೇ? ಒಳಗೆ ಥರ್ಮೋಕೋಲ್ ಇದೆಯೇ? ಬಿರುಕು ಬಿಟ್ಟಿದೆಯೇ? ಪಟ್ಟಿ ಸರಿಯಾಗಿ ಬಿಗಿಯುತ್ತದೆಯೇ? ನಿಮ್ಮ ಎರಡೂ ಚಿತ್ರಗಳನ್ನು ಅಪ್ಪ, ಅಮ್ಮ, ಅಣ್ಣನಿಗೆ ತೋರಿಸಿ. ಹೆಲ್ಮೆಟ್ ಇರಬೇಕಾದದ್ದು ತೋಳಿನಲ್ಲೋ ತಲೆಯ ಮೇಲೋ ಎಂದು ಕೇಳಿ!